ನೆಗ್ಗಿದ ಕಪ್ಪುಗಳು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಫಳಫಳ ಮಾಮ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವನದು ಒಂದೇ ಕೆಲಸ, ತೊಳೆಯುವುದು. ಐಸ್‌ಕ್ರೀಮ್ ತಯಾರಾಗುವ ಆ ಉದ್ದನೆಯ ತಣ್ಣನೆಯ ಕೋಣೆಯಲ್ಲಿ ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ ಪಾಳಿ ಶುರುವಾಗುವುದರ ನಡುವೆ ಒಂದು ಗಂಟೆ ಸಿಗುತ್ತಿತ್ತು. ಆ ಒಂದು ಗಂಟೆ ಅವನ ರಾಜ್ಯ. ಮ್ಯಾನೇಜರ್ ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಒಮ್ಮೆ ತಿಳಿಯದೆ ಒಳಗೆ ಕಾಲಿಟ್ಟ ಸೂಪರ್‌ವೈಸರನ ಬೂಟಿನ ಮೇಲೇ ನೀರು ಬಿಟ್ಟು, "ಕಣ್ಣು ಕಾಣಲ್ವಾ? ತೊಳೀತಿದೀನಿ" ಅಂದಿದ್ದ.

ತೊಳೆಯುವುದಕ್ಕೆ ಅವನದೇ ಒಂದು ಕ್ರಮ ಇತ್ತು. ಮೇಲಿಂದ ಕೆಳಕ್ಕೆ. ಮೊದಲು ಕಪ್ಪಿಗೆ ತುಂಬುವ ಮಷೀನು, ಅದರ ಮೂತಿಗಳು. ಆಮೇಲೆ ಕಪ್ಪುಗಳು ಸಾಲಾಗಿ ಸಾಗುವ ಬೆಲ್ಟು. ಬಿಸಿನೀರು, ಸೋಪು, ಕ್ರಿಮಿ ಕೊಲ್ಲುವ ಔಷಧಿ, ಮತ್ತೆ ನೀರು. ಆಮೇಲೆ ನೆಲ. ಎಲ್ಲಕ್ಕಿಂತ ಕೊನೆಗೆ ಮೋರಿ. ಕೊಳಕು ಕೊನೆಗೆ ಹೋಗಬೇಕು ಅನ್ನುವುದು ಮನೆ ಗುಡಿಸುವವರಿಗೆಲ್ಲ ಗೊತ್ತಿರುವ ಮಾತೇ. ಮೋರಿ ಇದ್ದದ್ದು ಬೆಲ್ಟಿನ ಕೆಳಗೆ, ಎರಡು ಮೊಳ ಈಚೆ. ಅವನು ಅದರ ಕಬ್ಬಿಣದ ಜಾಲರಿ ಎತ್ತಿ, ಪ್ರೆಶರ್ ಪೈಪಿನ ಮೂತಿಯನ್ನು ನೇರ ಅದರ ಬಾಯೊಳಗೆ ಇಳಿಸಿ ಒತ್ತುತ್ತಿದ್ದ. ನೀರು ಭೋರ್ಗರೆಯುತ್ತಿತ್ತು, ಕಾಲ ಕೆಳಗಿನ ನೆಲ ನಡುಗುತ್ತಿತ್ತು. ಹೇಳಿದ್ದಕ್ಕಿಂತ ಎರಡು ನಿಮಿಷ ಜಾಸ್ತಿಯೇ ಬಿಡುತ್ತಿದ್ದ.

"ಎಲ್ಲರೂ ಮೇಲೆ ಮೇಲೆ ಒರೆಸ್ತಾರೆ. ಕೊಳೆ ಇರೋದು ಗಂಟಲಲ್ಲಿ" ಅನ್ನುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಇದೇ ಪಾಠ. ತಲೆಯಾಡಿಸದವರಿಗೆ ಬೈಗುಳ.

ಅವನು ಪೈಪು ಸುತ್ತಿಟ್ಟ ಹತ್ತೇ ನಿಮಿಷಕ್ಕೆ ಬೆಲ್ಟು ಶುರುವಾಗುತ್ತಿತ್ತು. ಮಷೀನು ಹದಕ್ಕೆ ಬರುವ ತನಕ ಮೊದಲ ಒಂದಿಷ್ಟು ಕಪ್ಪುಗಳು ಎಲ್ಲೋ ಸಿಕ್ಕಿಕೊಂಡು ನೆಗ್ಗಿಹೋಗುತ್ತಿದ್ದವು. ಒಳಗಿನ ಐಸ್‌ಕ್ರೀಮಿಗೆ ಏನೂ ಆಗಿರುವುದಿಲ್ಲ, ಆದರೆ ಸೊಟ್ಟ ಕಪ್ ಅಂಗಡಿಗೆ ಹೋಗುವ ಹಾಗಿಲ್ಲ. ಅವನ್ನು ಕೆಲಸದವರು ಮನೆಗೆ ಒಯ್ಯಬಹುದು. ಮಾಮನಿಗೆ ಎರಡು ಕಪ್ ಖಾಯಂ.

ಆ ವರ್ಷ ಮಗಳು ಬಸುರಿ. ತಾಯಿ ಇಲ್ಲದ ಹುಡುಗಿ, ಒಬ್ಬಳೇ ಮಗಳು. ಅವಳ ಗಂಡನ ಮನೆ ಎರಡು ಬೀದಿ ಆಚೆ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ, ಸಂಜೆ ಅಪ್ಪನ ಮನೆಗೆ ಬಂದು ಕಾಲು ಚಾಚಿ ಕೂರುತ್ತಿದ್ದಳು.

"ಏನ್ ತಂದೆ ಅಪ್ಪ?"

"ಬಂದ ತಕ್ಷಣ ಅದೇ. ಅಪ್ಪ ಹೇಗಿದ್ದಾನೆ ಅಂತ ಕೇಳೋದು ಬೇಡ."

"ನೀನು ಕಲ್ಲುಗುಂಡು ಇದ್ದಂಗಿದೀಯ, ನಿನಗೇನಾಗುತ್ತೆ? ಕೊಡು ಇಲ್ಲಿ, ಕರಗುತ್ತೆ."

ಒಂದು ತಿಂದು, ಹೊಟ್ಟೆ ಮುಟ್ಟಿಕೊಂಡು, "ಇವನಿಗೆ ಇನ್ನೊಂದು ಬೇಕಂತೆ" ಅನ್ನುವಳು. ತನ್ನ ಪಾಲಿನ ಎರಡನೆಯ ಕಪ್ಪನ್ನೂ ಅವನೇ ಬಿಚ್ಚಿ ಚಮಚ ಇಟ್ಟು ಕೊಡುತ್ತಿದ್ದ.

ಏಳು ತಿಂಗಳಿಗೆ ಅವಳಿಗೆ ಜ್ವರ ಬಂತು. ಮೈಕೈ ನೋವು, ಬೆನ್ನು ನೋವು, ನಾಲ್ಕು ದಿನ. ಸಾಮಾನ್ಯ ಜ್ವರ ಅಂದುಕೊಂಡರು. ಐದನೆಯ ದಿನ ಬೆಳಿಗ್ಗೆ ಎದ್ದವಳು, "ಅಪ್ಪ, ಇವತ್ತು ಒದೀತಾನೇ ಇಲ್ಲ" ಅಂತ ಫೋನು ಮಾಡಿದಳು. ಅಷ್ಟೇ. ಆಸ್ಪತ್ರೆಯಲ್ಲಿ ಸತ್ತ ಮಗುವನ್ನು ಹೆತ್ತಳು. ಗಂಡು. ಮಾಮನ ಅಂಗೈಯಷ್ಟಗಲದ ಬೆನ್ನು. ರಕ್ತ ತೆಗೆದುಕೊಂಡು ಹೋದ ಡಾಕ್ಟರು ವಾರದ ಮೇಲೆ ಹೇಳಿದರು, ರಕ್ತದಲ್ಲಿ ಒಂದು ರೋಗಾಣು ಇತ್ತು, ಲಿಸ್ಟೀರಿಯಾ ಅಂತ, ತಿಂದ ಯಾವುದೋ ಪದಾರ್ಥದಿಂದ ಬಂದಿರಬೇಕು, ಮಾದರಿಯನ್ನು ಸಂಶೋಧನೆಯವರಿಗೆ ಕಳಿಸಿದ್ದೇವೆ.

"ಯಾವ ನನ್ಮಗ ಕೊಳಕು ಪದಾರ್ಥ ಮಾರಿದನೋ, ಸಿಗಲಿ" ಅಂತ ಮಾಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲರ ಎದುರು ಕೂಗಿದ. "ಅವನ ಕೈಕಾಲು ಮುರಿದು ಹಾಕ್ತೀನಿ."

ಮಾಂಸದ ಅಂಗಡಿಯವನ ಜೊತೆ ಜಗಳ ಆಡಿದ. ಹಾಲಿನವನನ್ನು ಬೀದಿಯಲ್ಲಿ ನಿಲ್ಲಿಸಿ ಅವನ ಕ್ಯಾನಿನೊಳಗೆ ಮೂಗು ತೂರಿಸಿದ. ಮಗಳು ಮಾತ್ರ ಯಾರನ್ನೂ ಬೈಯಲಿಲ್ಲ. ಅಪ್ಪನ ಮನೆಯಲ್ಲಿ ಗೋಡೆಗೆ ಒರಗಿ ಕೂತು, ತನ್ನ ಕಾಲನ್ನೇ ನೋಡುತ್ತಿದ್ದಳು. ಹೊಲಿಗೆ ಮಷೀನಿನ ಪೆಡಲು ಒತ್ತಿ ಒತ್ತಿ ನೀನೇ ಮಗುವನ್ನು ಕೊಂದೆ ಅಂತ ಅವಳ ಅತ್ತೆ ಅಂದದ್ದು ಅವಳ ತಲೆಯೊಳಗೆ ಇಳಿದುಬಿಟ್ಟಿತ್ತು. ಡಾಕ್ಟರ ಮಾತು ಅಲ್ಲಿಯ ತನಕ ಇಳಿಯಲಿಲ್ಲ. ಹೆಸರೇ ನೆನಪಿಲ್ಲದ ರೋಗಾಣು ಎಲ್ಲಿ, ಕಣ್ಣೆದುರಿನ ಕಾಲು ಎಲ್ಲಿ.

ಹಾಗಾಗಿಯೇ ಮಾಮನಿಗೆ ಆ ಕಳ್ಳ ಸಿಗಲೇಬೇಕಿತ್ತು. ಹೆಸರು ಹಿಡಿದು, ಬೆರಳು ಮಾಡಿ ತೋರಿಸಬೇಕಿತ್ತು. ನೋಡು, ಇವನು, ನೀನಲ್ಲ, ಅಂತ.

ಮುಂದಿನ ತಿಂಗಳು ಕಾರ್ಖಾನೆಗೆ ಸಂಶೋಧನಾ ಕೇಂದ್ರದಿಂದ ಒಬ್ಬ ಹೆಂಗಸು ಬಂದಳು. ಸಣಕಲು ಮೈ, ದಪ್ಪ ಕನ್ನಡಕ, ಕೈಯಲ್ಲಿ ಒಂದು ಪೆಟ್ಟಿಗೆ. ಬೇರೆ ಬೇರೆ ಊರಿನ ಒಂಬತ್ತು ಜನರಿಗೆ ಒಂದೇ ತರದ ಕಾಯಿಲೆ ಬಂದಿದೆ, ಅವರು ತಿಂದದ್ದರ ಪಟ್ಟಿಯಲ್ಲಿ ಐದಾರು ಪದಾರ್ಥ ಇವೆ, ಅವುಗಳಲ್ಲಿ ಐಸ್‌ಕ್ರೀಮೂ ಒಂದು, ಎಲ್ಲ ಕಾರ್ಖಾನೆ ನೋಡುತ್ತಿದ್ದೇವೆ ಅಂದಳು. ಮಾಮನಿಗೆ ಸಂತೋಷವೇ ಆಯಿತು. ಹುಡುಕುವವರು ಹುಡುಕುತ್ತಿದ್ದಾರಲ್ಲ. ತನ್ನ ಕಾರ್ಖಾನೆಯ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ.

"ಡಾಕ್ಟರಮ್ಮ, ಇಲ್ಲಿ ಟೈಮ್ ಹಾಳು ಮಾಡ್ಕೋಬೇಡಿ. ಈ ನೆಲದ ಮೇಲೆ ಅನ್ನ ಹಾಕ್ಕೊಂಡು ಉಣ್ಣಬಹುದು."

"ನೀವು ಉಣ್ಣಿ ಯಜಮಾನರೇ, ನಾನು ಡಬ್ಬಿ ತಂದಿದೀನಿ" ಅಂದಳು ಅವಳು. ಸೂಪರ್‌ವೈಸರ್ ನಕ್ಕ. ಮಾಮನೂ ನಕ್ಕ.

ಹತ್ತಿ ಸುತ್ತಿದ ಕಡ್ಡಿಗಳಿಂದ ಅವಳು ಮಷೀನಿನ ಮೂಲೆ, ಬಾಗಿಲ ಹಿಡಿ, ಮೋರಿಯ ಬಾಯಿ ಎಲ್ಲ ಒರೆಸಿ ಒಂದೊಂದನ್ನೂ ಕೊಳವೆಗೆ ಹಾಕಿಟ್ಟಳು. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿದಳು. ಮುಚ್ಚಳವಿರುವ ಪುಟ್ಟ ಪುಟ್ಟ ತಟ್ಟೆಗಳನ್ನು ತೆಗೆದು, ಮೋರಿಯ ಪಕ್ಕ ಎರಡು, ಬೆಲ್ಟಿನ ಮೇಲೆ ನಾಲ್ಕು, ತುಂಬುವ ಮೂತಿಯ ಹತ್ತಿರ ಎರಡು, ದೂರದ ಮೇಜಿನ ಮೇಲೆ ಒಂದು ಇಟ್ಟು, ಮುಚ್ಚಳ ತೆಗೆದಳು.

"ಮಷೀನು, ಬೆಲ್ಟು ತೊಳೆದಾಯ್ತಲ್ಲ? ಈಗ ಮೋರಿ ತೊಳೀರಿ. ದಿನಾ ಹೇಗೆ ತೊಳೀತೀರೋ ಹಾಗೇ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ."

ಕಮ್ಮಿ ಮಾಡುವವನಾ ಅವನು? ನೋಡುವವರಿದ್ದಾರೆ ಅಂತ ಇನ್ನೂ ಒಂದು ನಿಮಿಷ ಜಾಸ್ತಿಯೇ ಬಿಟ್ಟ.

ಹದಿನೆಂಟು ದಿನ ಆದ ಮೇಲೆ ಅವಳು ಮತ್ತೆ ಬಂದಳು. ಈ ಸಲ ತಮಾಷೆ ಮಾಡಲಿಲ್ಲ. ಮ್ಯಾನೇಜರನ ಕೋಣೆಯಲ್ಲಿ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಾತಾಯಿತು. ಹೊರಗೆ ಬಂದವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಮಾಮನ ಪಕ್ಕ ತಾನೂ ಕೂತು, ಫೋನಿನಲ್ಲಿ ಚಿತ್ರ ತೋರಿಸಿದಳು. ಅದೇ ತಟ್ಟೆಗಳು. ಮೇಲೆಲ್ಲ ನೀಲಿ-ಹಸಿರು ಚುಕ್ಕೆಗಳು, ಒಂದೊಂದರ ಸುತ್ತ ಮಂಜಿನ ಬಳೆ ತೊಡಿಸಿದ ಹಾಗೆ. ಮೋರಿಯ ಪಕ್ಕದ ತಟ್ಟೆಯಲ್ಲಿ ಎಣಿಸಲಾರದಷ್ಟು. ಬೆಲ್ಟಿನ ಮೇಲಿನ ನಾಲ್ಕರಲ್ಲೂ, ಮೂತಿಯ ಹತ್ತಿರದ ಎರಡರಲ್ಲೂ.

"ಏನಿದು?"

"ಲಿಸ್ಟೀರಿಯಾ ಯಜಮಾನರೇ. ತಟ್ಟೆ ಮೇಲೆ ಬಿದ್ದು ಬೆಳೆದಿದೆ."

"ನಾನು ತೊಳೆದ ಮೇಲೆ ಎಲ್ಲಿಂದ ಬಂತು?"

"ತೊಳೆದದ್ದರಿಂದ ಬಂತು."

ಅವಳು ನಿಧಾನವಾಗಿ ಹೇಳಿದಳು. ಆ ರೋಗಾಣು ಮೋರಿಯ ಗಂಟಲಲ್ಲಿ ಲೋಳೆಯಂಥ ಪದರ ಕಟ್ಟಿಕೊಂಡು ಕೂತಿದೆ, ಮೂರು ವರ್ಷದಿಂದಾದರೂ. ಚಳಿಗೆ ಸಾಯುವ ಜಾತಿ ಅಲ್ಲ ಅದು, ಉಳಿದವೆಲ್ಲ ಮುದುಡಿಕೊಳ್ಳುವ ತಂಪಿನಲ್ಲೂ ಅದು ಬೆಳೆಯುತ್ತದೆ. ಪೈಪಿನ ರಭಸಕ್ಕೆ ಪದರ ಚಿಂದಿಯಾಗಿ, ಕಣ್ಣಿಗೆ ಕಾಣದ ನೀರಿನ ಹುಡಿಯ ಜೊತೆ ಮೇಲೆ ಏಳುತ್ತದೆ. ಎದ್ದದ್ದು ಇಳಿಯಲೇಬೇಕಲ್ಲ, ಬೆಲ್ಟಿನ ಮೇಲೆ, ತುಂಬುವ ಮೂತಿಯ ಮೇಲೆ ಇಳಿಯುತ್ತದೆ, ಅಲ್ಲಿಂದ ಕಪ್ಪಿನೊಳಗೆ. ಗಟ್ಟಿ ಇರುವವರು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುದುಕರಿಗೆ, ಬಸುರಿಯರಿಗೆ ಆಗುತ್ತದೆ. ಕಾಯಿಲೆ ಬಿದ್ದವರ ರಕ್ತದಲ್ಲಿದ್ದ ರೋಗಾಣುವಿನ ವಂಶವಾಹಿಯನ್ನೂ ಈ ಮೋರಿಯ ರೋಗಾಣುವಿನದ್ದನ್ನೂ ಅಕ್ಷರ ಅಕ್ಷರ ಓದಿ ನೋಡಿದ್ದಾರೆ. ಒಂದೇ ಮನೆಯವು.

"ಮೋರಿ ಕೊನೆಗೆ ತೊಳೆಯೋದು ತಪ್ಪಾ?"

"ಬೆಲ್ಟು ತೊಳೆದ ಮೇಲೆ ಅದನ್ನ ಎಬ್ಬಿಸಿದ್ರೆ ತಪ್ಪೇ. ಮೊದಲು ಮೋರಿ ಆಗಬೇಕು. ಅದಕ್ಕೂ ರಭಸದ ನೀರು ಬಿಡಬಾರದು, ಬ್ರಷ್ ಹಾಕಿ ಉಜ್ಜಬೇಕು. ನಿಮಗೆ ಯಾರೂ ಹೇಳಿಲ್ಲ. ಆ ಮೋರಿ ಅಲ್ಲಿ ಇರಲೇಬಾರದಿತ್ತು. ನಿಮ್ಮ ತಪ್ಪಲ್ಲ."

"ನನ್ನದಲ್ಲ ಅಂದ್ರೆ ಮೋರಿದಾ?" ಅಂತ ಅವನು ಎದ್ದು ನಿಂತ. "ಪೈಪ್ ಹಿಡಿದಿದ್ದು ಮೋರಿನಾ?"

ಅವನು ಮತ್ತೆ ಕೂತ.

"ಈ ಊರಿನವರು ಯಾರಾದ್ರೂ ಇದ್ರಾ, ಆ ಒಂಬತ್ತರಲ್ಲಿ?"

"ಹೆಸರು ಹೇಳೋ ಹಾಗಿಲ್ಲ."

"ಹೆಸರು ಯಾರು ಕೇಳಿದ್ರು? ಏಳು ತಿಂಗಳಾಗಿತ್ತಾ? ಗಂಡು ಮಗುವಾ?"

ಅವಳು ತಿರುಗಿ ಅವನ ಮುಖ ನೋಡಿದಳು. "ನಿಮಗೆ ಏನಾಗಬೇಕು?"

"ಮಗಳು."

ಅವನು ಆಗಲೇ ಬೇರೆ ಲೆಕ್ಕದಲ್ಲಿದ್ದ. ಮೋರಿ ತೊಳೆದ ಮೇಲೆ ಹತ್ತು ನಿಮಿಷ. ಬೆಲ್ಟಿನ ಮೇಲೆ ಮೊದಲು ಓಡುವ ಕಪ್ಪುಗಳು. ನೆಗ್ಗುವ ಕಪ್ಪುಗಳು ಅವೇ. ಬೆಲ್ಟಿನ ಮೇಲೆ ಬಿದ್ದದ್ದನ್ನೆಲ್ಲ ಮೊದಲು ಒರೆಸಿಕೊಂಡು ಹೋಗುವವು ಅವೇ. ಊರಿಗೆಲ್ಲ ಹೋದದ್ದು ಆಮೇಲಿನವು, ಅವನ ಮನೆಗೆ ಬಂದದ್ದು ಮೊದಲಿನವು. ಆರಿಸಿ ತಂದು ಕೊಟ್ಟ ಹಾಗೆ. ದಿನಾ ಎರಡು.

ಗೇಟಿನ ಹತ್ತಿರ ಸೂಪರ್‌ವೈಸರ್ ಅವನ ತೋಳು ಹಿಡಿದ. "ಮಾಮ, ಅಂಗಡಿಗೆ ಹೋಗಿರೋ ಮಾಲು ವಾಪಸ್ ತರಿಸ್ತಿದಾರೆ. ಕೋಣೆನೂ ಮುಚ್ತಾರೆ. ನೀನು ಹೊರಗೆ ಎಲ್ಲೂ ಬಾಯಿ ಬಿಡಬೇಡ. ನೂರಿಪ್ಪತ್ತು ಜನರ ಹೊಟ್ಟೆ ಇದು."

"ಕೈ ಬಿಡು" ಅಂದ ಮಾಮ. ಸೂಪರ್‌ವೈಸರ್ ಬಿಟ್ಟ. ಮಾಮನ ದನಿಯಲ್ಲಿ ಎಂದಿನ ಜೋರು ಇರಲಿಲ್ಲ, ಅದಕ್ಕೇ ಹೆದರಿ ಬಿಟ್ಟ.

ಮನೆಗೆ ಹೋದರೆ ಬೀಗಿತ್ತಿ ಬಂದು ಕೂತಿದ್ದಳು. ಕೆಟ್ಟ ಹೆಂಗಸಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಸೊಸೆಯ ತಲೆ ಬಾಚಿದ್ದವಳು ಅವಳೇ. ಆದರೆ ದುಃಖ ಬಂದರೆ ಅವಳಿಗೆ ಅದನ್ನು ಯಾರ ಮೇಲಾದರೂ ಎಸೆಯಬೇಕು. ಮಗಳು ಎಂದಿನಂತೆ ಗೋಡೆಗೆ ಒರಗಿದ್ದಳು.

"ಬನ್ನಿ ಬೀಗರೇ. ಕರ್ಕೊಂಡು ಹೋಗೋಣ ಅಂತ ಬಂದೆ. ಆದ್ರೆ ಇನ್ಮೇಲೆ ಆ ಹೊಲಿಗೆ ಕೆಲಸ ಬೇಡ. ಬೇಡ ಬೇಡ ಅಂತ ಬಡ್ಕೊಂಡೆ. ಹೊಟ್ಟೇಲಿ ಮಗು ಇಟ್ಕೊಂಡು ದಿನವಿಡೀ ಪೆಡಲು ತುಳಿದ್ರೆ ಅದಾದ್ರೂ ಏನ್ ಮಾಡುತ್ತೆ?"

"ಅವಳು ತುಳಿದಿದ್ದಕ್ಕಲ್ಲ" ಅಂದ ಮಾಮ. "ನನ್ನಿಂದ."

ನಿಂತಲ್ಲೇ ನಿಂತು ಹೇಳಿದ. ಮೋರಿ, ಪೈಪು, ತಟ್ಟೆ, ಚುಕ್ಕೆ, ಬೆಲ್ಟು, ಕಪ್ಪುಗಳು. ಅವನಿಗೆ ಕಥೆ ಹೇಳಲು ಬರುವುದಿಲ್ಲ, ತೊಳೆಯುವ ಕ್ರಮದಲ್ಲೇ ಹೇಳಿದ. ಕೊನೆಗೆ, "ಹುಡುಕ್ತಿದ್ದೆನಲ್ಲ, ಆ ನನ್ಮಗ ನಾನೇ" ಅಂದ.

ಬೀಗಿತ್ತಿ ತಲೆ ಕೊಡವಿದಳು. "ಅಪ್ಪ ಅಂತ ಮಗಳ ತಪ್ಪನ್ನ ನಿಮ್ಮ ತಲೆ ಮೇಲೆ ಎಳ್ಕೋಬೇಡಿ. ಇದನ್ನೆಲ್ಲ ನಂಬೋಕೆ ನಾನೇನು ಹಾಲು ಕುಡಿಯೋ ಮಗುವಾ?"

ಆ ಮಾತು ಬಾಯಿಂದ ಬಿದ್ದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಆಗ ಮಗಳು ಮಾತಾಡಿದಳು. ಎಷ್ಟೋ ದಿನದ ಮೇಲೆ ಅವಳ ಗಂಟಲು ಸರಿಯಾಗಿ ತೆರೆದದ್ದು ಆಗಲೇ.

"ಅಪ್ಪ ಸುಳ್ಳು ಹೇಳಲ್ಲ ಅತ್ತೆ. ನಿಜ ಇರುತ್ತೆ."

ಮಾಮ ಕಾದು ನಿಂತ. ಈಗ ಬೈಯುತ್ತಾಳೆ. ಕೈಗೆ ಸಿಕ್ಕಿದ್ದು ತೆಗೆದು ಎಸೆಯುತ್ತಾಳೆ. ಎಸೆಯಲಿ. ಇಷ್ಟು ದಿನ ಕಾಲು ನೋಡಿಕೊಂಡು ಕೂತವಳು ತಲೆ ಎತ್ತಿ ಅಪ್ಪನ ಮುಖಕ್ಕೆ ಉಗಿದರೆ, ಅಷ್ಟಾದರೂ ಆಯಿತು.

"ಎರಡನೇ ಕಪ್ ನಾನೇ ಕೇಳಿ ತಿಂತಿದ್ದೆ" ಅಂದಳು ಅವಳು. "ಬೇಡ ಮಗಳೇ, ಶೀತ ಆಗುತ್ತೆ ಅಂತ ಅಪ್ಪ ಎಷ್ಟು ಸಲ ಅಂದ. ನಾನು ಕೇಳಲಿಲ್ಲ. ಬಾಯಿ ಚಪಲ."

ಅವನು ಹಾಗೆ ಒಂದು ದಿನವೂ ಅಂದಿರಲಿಲ್ಲ.

"ನಾನೆಲ್ಲಿ ಅಂದೆ?" ಅಂತ ಕಿರುಚಿದ. "ಯಾವತ್ತು ಅಂದೆ? ನಾನೇ ಬಿಚ್ಚಿ ಚಮಚ ಇಟ್ಟು ಕೊಟ್ಟೆ! ಬಾಯಿಗೆ ಹಾಕಿದವನು ನಾನು! ಬೈಯೇ ನನ್ನ! ಬೈಯಿ ಅಂದ್ರೆ ಬೈಬೇಕು!"

"ನೀನು ಅಂದಿದ್ದೆ ಅಪ್ಪ. ನಿನಗೆ ನೆನಪಿಲ್ಲ" ಅಂದಳು ಅವಳು, ಚಿಕ್ಕ ಮಗುವಿಗೆ ಸಮಾಧಾನ ಹೇಳುವ ಹಾಗೆ.

"ನೋಡಿ, ಅವಳ ಬಾಯೇ ಹೇಳ್ತು" ಅಂದಳು ಬೀಗಿತ್ತಿ. ಆದರೆ ಆ ಮಾತಿನಲ್ಲಿ ಗೆದ್ದ ಖುಷಿ ಏನೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಮೇಲೆ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿ ಹೊರಟುಹೋದಳು. ಸೊಸೆಯನ್ನು ಕರೆಯಲಿಲ್ಲ. ಆಮೇಲೆ ಬರಲೂ ಇಲ್ಲ.

ಮಾಮ ಮರುದಿನ ಸಂಶೋಧನಾ ಕೇಂದ್ರಕ್ಕೆ ಫೋನು ಮಾಡಿದ. ಮನೆಯಲ್ಲಿ ಏನು ತಿನ್ನಬಹುದು ಅಂತ ಕೇಳಿದ. ಬಿಸಿಬಿಸಿ ಬೇಯಿಸಿದ್ದು ತಿನ್ನಬಹುದು, ಹೆದರಬೇಡಿ ಅಂತ ಡಾಕ್ಟರಮ್ಮ ಹೇಳಿದಳು. ಕೇಳಲು ಕಾರಣ ಇತ್ತು. ಅಂದಿನಿಂದ ಮಗಳು ಊಟದ ಮುಂದೆ ಕೂತು, ಒಂದೊಂದನ್ನೂ ಬೆರಳಿನಿಂದ ತೋರಿಸಿ ಕೇಳುತ್ತಿದ್ದಳು.

"ಇದು ತಿನ್ನಬಹುದಾ ಅಪ್ಪ?"

ಕೊಂಕು ಅಲ್ಲ. ಕೊಂಕಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ನಿಜವಾಗಿಯೇ ಕೇಳುತ್ತಿದ್ದಳು, ಅವನಿಗೆ ಗೊತ್ತಿದೆ ಅಂತ. ಅವನು ತಿನ್ನು ಅಂದರೆ ಮಾತ್ರ ತುತ್ತು ಎತ್ತುವಳು. ಮೊದಲ ದಿನ ಅಂದ. ಎರಡನೆಯ ದಿನ ಬೇಯಿಸಿದ ಆಲೂಗಡ್ಡೆ ಬಗ್ಗೆ ಕೇಳಿದಾಗ, "ಬೇಯಿಸಿದ್ದು ಕಣೇ, ತಿನ್ನು" ಅಂತ ಗದರಿದ. ಅವಳು ಅಪ್ಪನ ಮುಖ ನೋಡುತ್ತಾ ನೋಡುತ್ತಾ ಅಗಿದು ನುಂಗಿದಳು. ಆ ನುಂಗುವುದನ್ನು ಅವನಿಂದ ನೋಡಲಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನೇ ಅನ್ನ, ಸಾರು ಮಾಡಿ, ಕುದಿಯುವುದನ್ನು ಕಣ್ಣಾರೆ ನೋಡಿ, ಬಡಿಸಿ ಎದುರು ಕೂತ. ಅವಳು ತಟ್ಟೆಯ ಅಂಚು ಹಿಡಿದು ಕಾದಳು.

"ತಿನ್ನಬಹುದಾ ಅಪ್ಪ?"

ಡಾಕ್ಟರಮ್ಮ ಹೇಳಿದ್ದು ಅವನಿಗೆ ನೆನಪಿತ್ತು. ಹೌದು ಅನ್ನಬೇಕು ಅಂತ ಬಾಯಿ ತೆರೆದ. ಹತ್ತೊಂಬತ್ತು ವರ್ಷ ಜಗತ್ತಿನ ಮೇಲೆಲ್ಲ ಕೂಗಾಡಿದ ಗಂಟಲಿಂದ ಆ ಒಂದು ಮಾತು ಹೊರಡಲಿಲ್ಲ. ಅವಳು ಕಾಯುತ್ತಲೇ ಇದ್ದಳು. ಇಬ್ಬರ ನಡುವೆ ತಟ್ಟೆಯ ಹಬೆ ತೆಳ್ಳಗಾಗಿ ನಿಂತುಹೋಯಿತು. ಅನ್ನ ಆರಿತು. ಆರಿದ ಅನ್ನ ತಿನ್ನಬಹುದೋ ಬಾರದೋ, ಅದನ್ನು ಅವನು ಕೇಳಿಕೊಂಡಿರಲಿಲ್ಲ.