ಸದ್ದಿಲ್ಲದ ಇಳಿಜಾರು

ದಿಣ್ಣೆ ಇಳಿಯುವಾಗ ಲಾರಿಯನ್ನು ಸಣ್ಣ ಗೇರಿನಲ್ಲೇ ಇಳಿಸಬೇಕು ಎಂದು ನನಗೆ ಓಡಿಸಲು ಕಲಿಸಿದ ಆವಲಪ್ಪನವರು ಕಿವಿ ಹಿಂಡಿ ಹೇಳಿದ್ದರು. ನಾನು ಮಹಾ ಬುದ್ಧಿವಂತ, ಕೇಳಲಿಲ್ಲ.

ನಲವತ್ತಮೂರನೇ ಇಸವಿ. ಯುದ್ಧ ನಡೆದಿತ್ತು, ಪೆಟ್ರೋಲಿಗೆ ಕೂಪನ್. ಏಳು ತಿಂಗಳ ಬಸುರಿ ಹೆಂಡತಿ ನರಸಮ್ಮನನ್ನು ಸೂಲಿಬೆಲೆಯ ತವರಿಗೆ ಎತ್ತಿನ ಗಾಡಿಯಲ್ಲಿ ಕಳಿಸಲು ನನಗೆ ಮನಸ್ಸಿರಲಿಲ್ಲ. ಲಾರಿಯಲ್ಲೇ ಕರೆದೊಯ್ಯಬೇಕೆಂದು ತಿಂಗಳಿಂದ ಇಳಿಜಾರು ಸಿಕ್ಕಲ್ಲೆಲ್ಲ ಗೇರ್ ತಪ್ಪಿಸಿ, ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಉಳಿಸಿದ್ದೆ.

ಅಂದು ಮಧ್ಯಾಹ್ನ ದೊಡ್ಡಬಳ್ಳಾಪುರದಲ್ಲಿ ಹಿಂಡಿ ಮೂಟೆ ತುಂಬಿಕೊಂಡು ಹೊರಟೆವು. ದೇವನಹಳ್ಳಿಗೆ ಮುಂಚೆ ಉದ್ದನೆಯ ಇಳಿಜಾರು, ಅದರ ಬುಡದಲ್ಲಿ ಗೇಟಿಲ್ಲದ ರೈಲು ಹಳಿ. ದಿಣ್ಣೆಯ ನೆತ್ತಿಯಲ್ಲಿ ನನ್ನ ಹಾಳು ಕೈ ತಾನಾಗಿಯೇ ಗೇರ್ ತಪ್ಪಿಸಿ ಎಂಜಿನ್ ನಿಲ್ಲಿಸಿತು.

"ಎಷ್ಟು ನಾಜೂಕಾಗಿ ಓಡಿಸ್ತೀರಾ! ಸದ್ದೇ ಇಲ್ಲ," ಎಂದಳು ನರಸಮ್ಮ. ನಾನು ಉಬ್ಬಿಹೋದೆ.

ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಬ್ರೇಕು ಕಾದು ಹೋಗಿತ್ತು; ಎಷ್ಟು ತುಳಿದರೂ ಹಿಡಿಯಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಹೊಗೆ ಬಂತು, ಅಷ್ಟೇ. ಗೇರ್ ಹಾಕಲು ಹೋದರೆ ಕರಕರ ಎಂದು ಹಲ್ಲು ಕಡಿಯಿತು. ಎಡಗಡೆ ಹೊಂಗೆ ಮರಗಳ ಮೇಲೆ ರೈಲಿನ ಹೊಗೆ ಕಂಡಿತು. ಸತ್ತರೆ ನಾನೊಬ್ಬನೇ ಸಾಯುವಂತಾಗಲಿ ದೇವರೇ ಎನ್ನೋಣವೆಂದರೆ ಪಕ್ಕದಲ್ಲೇ ಎರಡು ಜೀವ ಕುಳಿತಿದ್ದವು.

"ರೀ, ನಿಲ್ಸಿ!"

"ನಿಲ್ತಾ ಇಲ್ಲ ಕಣೇ! ಗಟ್ಟಿಯಾಗಿ ಹಿಡ್ಕೋ!"

ಬಲಕ್ಕೆ ಉತ್ತು ಬಿಟ್ಟಿದ್ದ ಹೊಲ, ಹಿಂದಿನ ದಿನದ ಮಳೆಗೆ ನೆನೆದಿತ್ತು. ಸ್ಟೀರಿಂಗ್ ತಿರುಗಿಸಿಬಿಟ್ಟೆ. ಲಾರಿ ಬದು ಹಾರಿ, ಅಚ್ಚಿನವರೆಗೆ ಕೆಸರಿನಲ್ಲಿ ಹೂತು ನಿಂತಿತು. ಹತ್ತು ಮಾರು ಆಚೆ ರೈಲು ಧಡಧಡ ಹೋಯಿತು. ಕಿಟಕಿಯಿಂದ ಯಾರೋ ನಮಗೆ ಕೈ ಬೀಸಿದರು.

ನರಸಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದಳು. "ಒದೀತಾ ಐತೆ," ಎಂದಳು. ನಾನು ಅತ್ತುಬಿಟ್ಟೆ.

"ಎಂಜಿನ್ ನಿಲ್ಲಿಸ್ಬಾರದಿತ್ತು ಕಣೇ. ಗೇರಲ್ಲಿ ಇಳಿದಿದ್ರೆ ಎಂಜಿನ್ನೇ ಲಾರೀನ ಹಿಡ್ಕೊಂಡಿರೋದು."

"ಹಂಗಾದ್ರೆ ಸದ್ದಿಲ್ಲ ಅಂತ ನಾನು ಹೊಗಳಿದ್ದು ಎಂಜಿನ್ ನಿಂತಿದ್ದನ್ನೇನಾ?" ಎಂದಳು.

ಹಳ್ಳಿಯವರು ಮೂಟೆ ಇಳಿಸಿ, ಎತ್ತು ಕಟ್ಟಿ ಲಾರಿಯನ್ನು ರಸ್ತೆಗೆ ಎಳೆಯುವಷ್ಟರಲ್ಲಿ ಬ್ರೇಕು ಆರಿ ಮತ್ತೆ ಹಿಡಿಯಿತು. ಮೂಟೆ ಮತ್ತೆ ತುಂಬಿಕೊಂಡು, ಹಳಿಯ ಮುಂದೆ ನಿಲ್ಲಿಸಿ, ಕೆಳಗಿಳಿದು, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ, ಗೇರ್ ಬದಲಿಸದೆ ದಾಟಿದೆ. ದೇವನಹಳ್ಳಿಯಲ್ಲಿ ಮಾಲು ಒಪ್ಪಿಸಿ ಮುಂದೆ ಹೊರಟೆವು.

ಸೂಲಿಬೆಲೆಗೆ ಮುಂಚೆ ಇನ್ನೊಂದು ಇಳಿಜಾರು. ನೆತ್ತಿಯಲ್ಲೇ ಫಸ್ಟ್ ಗೇರ್ ಹಾಕಿದೆ. ಎಂಜಿನ್ ಕಿವಿ ಕಿತ್ತುಹೋಗುವಂತೆ ಅರಚತೊಡಗಿತು.

"ಸದ್ದಿಗೆ ಭಯ ಆಗ್ತದೇನೇ?" ಎಂದು ಕೂಗಿ ಕೇಳಿದೆ.

ನರಸಮ್ಮ ಬಾಗಿಲು ಹಿಡಿದ ಕೈಯನ್ನು ಸಡಿಲಿಸಲಿಲ್ಲ. "ಅರಚ್ಲಿ ಬಿಡಿ," ಎಂದಳು. "ಅದು ಸುಮ್ನಾದ್ರೆ ನಂಗೆ ಜೀವ ಹೋಗ್ತದೆ."