ಒಂದೇ ನಂಬರಿನ ರೋಗಿಗಳು

ನಮ್ಮ ಆರೋಗ್ಯ ಕಚೇರಿಯ ಕಂಪ್ಯೂಟರಿನ ಪ್ರಕಾರ ನನ್ನ ತಂಗಿಯ ಓಣಿಯಲ್ಲಿ ವಾಂತಿಭೇದಿ ಆಗಿದ್ದು ಒಬ್ಬರಿಗೆ. ಬೆಳಿಗ್ಗೆ ತಂಗಿ ಫೋನಿನಲ್ಲಿ ಅಳುತ್ತಿದ್ದಳು.

"ಅಕ್ಕಾ, ಇಲ್ಲಿ ಮನೆಮನೇಲೂ ಮಲಗಿದಾರೆ ಕಣೇ. ನಲ್ಲಿ ನೀರು ಗಬ್ಬು ನಾರ್ತಿದೆ. ಪಾಪುಗೂ ಶುರುವಾಗಿದೆ, ಆಸ್ಪತ್ರೆಗೆ ಹೊರಟೆ. ನೀವೆಲ್ಲ ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದೀರ?"

ಏನು ಮಾಡುತ್ತಿದ್ದೆವು? ಎಣಿಸುತ್ತಿದ್ದೆವು. ಒಂದು ಓಣಿಯಲ್ಲಿ ಐದು ಜನರಾದರೂ ಕಾಯಿಲೆ ಬಿದ್ದರೆ ಮಾತ್ರ ಅಲ್ಲಿನ ನೀರು ನಿಲ್ಲಿಸಿ ಟ್ಯಾಂಕರ್ ಕಳಿಸುವುದು ನಮ್ಮ ನಿಯಮ.

ಓಣಿಗೆ ಹೋಗಿಬರುವ ನರ್ಸಮ್ಮನಿಗೆ ಫೋನ್ ಮಾಡಿದೆ. ಆಕೆ ಉರಿದುಬಿದ್ದಳು. "ದಿನಾ ರೋಗಿಗಳ ವಿವರ ಕಳಿಸ್ತಾನೇ ಇದೀನಲ್ಲ! ಅಲ್ಲಿ ಎಷ್ಟೋ ಜನರ ಹತ್ರ ಫೋನೇ ಇಲ್ಲ. ಫೋನ್ ನಂಬರ್ ಹಾಕದಿದ್ರೆ ನಿಮ್ಮ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಅದಕ್ಕೆ ಎಲ್ಲರಿಗೂ ನನ್ನ ನಂಬರೇ ಹಾಕ್ತೀನಿ."

ಎಡವಟ್ಟು ಅಲ್ಲೇ ಇತ್ತು. ಒಂದೇ ನಂಬರ್ ಎರಡನೇ ಸಲ ಬಂದರೆ ಹಳೆಯ ರೋಗಿಯೇ ಮತ್ತೆ ಬಂದನೆಂದು ನಮ್ಮ ಜಾಣ ಕಂಪ್ಯೂಟರ್ ಹೊಸಬರನ್ನು ಕೈಬಿಡುತ್ತದೆ. ಮುದುಕ, ಬಾಣಂತಿ, ಶಾಲೆಯ ಹುಡುಗಿ, ಎಲ್ಲರೂ ಸೇರಿ ಒಬ್ಬರಾಗಿದ್ದರು.

ಸಾಹೇಬರ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ, ತಂಗಿಯ ಪಾಪುವಿನ ವಿಷಯವನ್ನೂ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ನೀವು ಹೇಳೋದು ಸರಿನೇ ಕಣಮ್ಮ. ಆದ್ರೆ ರೋಗ ಹತೋಟಿಗೆ ಬಂತು ಅಂತ ನಿನ್ನೆ ತಾನೇ ಮೇಲಿನವರಿಗೆ ಹೇಳಿದೀನಿ. ಇವತ್ತು ಏಕ್‌ದಂ ಲೆಕ್ಕ ಏರಿಸಿದ್ರೆ ಮುಖ ಎಲ್ಲಿಟ್ಕೊಳ್ಲಿ? ಸ್ವಲ್ಪ ಸ್ವಲ್ಪವಾಗಿ ಸೇರಿಸೋಣ."

"ಸ್ವಲ್ಪ ಸ್ವಲ್ಪವಾಗಿ ಕಾಯಿಲೆ ಬೀಳಿ ಅಂತ ಅವರಿಗೂ ಹೇಳಿಬರ್ಲಾ ಸಾರ್?"

"ನಿಮ್ಮ ತಂಗಿ ಅಲ್ಲಿರೋದಕ್ಕೆ ತಾನೇ ಈ ಕೂಗಾಟ?"

ಹೌದು, ಅದಕ್ಕೇ. ನನ್ನ ತಂಗಿ ಇಲ್ಲದ ಓಣಿಗಳಲ್ಲಿ ಇನ್ನೆಷ್ಟು ಜನ ಹೀಗೆ ಒಬ್ಬರಾಗಿದ್ದಾರೋ!

ಹೊರಗೆ ಬಂದವಳೇ ನೀರು ಬಿಡುವವನಿಗೆ ಫೋನ್ ಮಾಡಿ, ಓಣಿಯ ವಾಲ್ವ್ ಬಂದ್ ಮಾಡಪ್ಪ ಎಂದೆ. ಯಾರ ಆದೇಶ ಎಂದು ಕೇಳಿದ. "ನಂದೇ ಅಂತ ಬರ್ಕೋ," ಎಂದೆ.

ಅದೇ ವಾಲ್ವಿನಿಂದ ಪಕ್ಕದ ಬಡಾವಣೆಗೂ ನೀರು ಹೋಗುತ್ತಿತ್ತು. ತುಸು ಹೊತ್ತಿನಲ್ಲೇ ಸಾಹೇಬರು ಓಡಿಬಂದರು.

"ಏನ್ರೀ ಮಾಡಿಟ್ರಿ? ಬಡಾವಣೆಯಿಂದ ದೂರಿನ ಮೇಲೆ ದೂರು!"

ದೂರುಗಳ ಪಟ್ಟಿ ನನ್ನ ಕಂಪ್ಯೂಟರಿಗೂ ಬಂದಿತ್ತು. "ಎಲ್ಲ ಮಾಡಿದ್ದು ಒಬ್ಬರೇ ಯಜಮಾನರು ಸಾರ್. ಒಂದೇ ನಂಬರು."

"ಒಬ್ಬರೇ ಇರ್ಲಿ. ಫೋನ್ ಬಂದಷ್ಟೂ ದೂರೇ."

ಅಲ್ಲೇ ನಿಂತು ಬಡಾವಣೆಗೆ ಟ್ಯಾಂಕರ್ ಕಳಿಸಲು ಹೇಳಿದರು. ಹಾಗಾದರೆ ಓಣಿಗೆ ಎಂದು ಕೇಳಿದೆ.

"ಅಲ್ಲಿ ಒಬ್ಬರಿಗೆ ತಾನೇ?"

ಆಗ ನನ್ನ ಮೊಬೈಲ್ ಹೊಡೆದುಕೊಂಡಿತು. ಆಸ್ಪತ್ರೆಯಿಂದ ತಂಗಿ. ಅದನ್ನು ಸಾಹೇಬರ ಕಿವಿಗೆ ಒತ್ತಿ ಹಿಡಿದೆ.

"ಪಾಪು ಆ ಒಬ್ಬರಲ್ಲಿ ಸೇರಿದೆಯಾ ಇಲ್ವಾ, ಅವಳಿಗೆ ನೀವೇ ಹೇಳಿ ಸಾರ್."

ಆ ಕಡೆಯಿಂದ ಮಗು ನರಳುವುದು ನನಗೂ ಕೇಳಿಸುತ್ತಿತ್ತು. ಸಾಹೇಬರು ಮುಖ ತಿರುಗಿಸಿಕೊಂಡರು. ನಾನು ಫೋನನ್ನು ಅವರ ಕಿವಿಯಿಂದ ತೆಗೆಯಲಿಲ್ಲ.