ಎಂಟನೆಯ ತಟ್ಟೆ

ರಿಮ್ವಿದಾಸ್ ಅಡುಗೆಮನೆಯ ದೀಪ ಹಾಕಿದ. ಜೇಬಿನಲ್ಲಿದ್ದ ಫೋನು ಟಿಣ್ ಎಂದಿತು. ತೆಗೆದು ನೋಡಿದ. 'ಅಡುಗೆಮನೆಯಲ್ಲಿ ಒಬ್ಬ ವ್ಯಕ್ತಿ ಕಂಡುಬಂದಿದ್ದಾರೆ.' ಆ ಒಬ್ಬ ವ್ಯಕ್ತಿ ಅವನೇ. ಎರಡು ತಿಂಗಳಿಂದ ದಿನಾ ಸಂಜೆ ಅವನ ಫೋನು ಅವನಿಗೇ ಈ ಸುದ್ದಿ ಹೇಳುತ್ತಿತ್ತು.

ಎಂಟು ಗಂಟೆ ಕಾರ್ಖಾನೆಯಲ್ಲಿ ಮೀನು ಸಾಗುವ ಬೆಲ್ಟಿನ ಮುಂದೆ ನಿಂತು ಮೀನಿನ ಮುಳ್ಳು ಕಿತ್ತ ಕೈ ಅದು. ಬಿಸಿನೀರಿಗೆ ಹಿಡಿದರೂ ಬೆರಳು ಅರ್ಧ ಗಂಟೆ ಮಡಚುತ್ತಿರಲಿಲ್ಲ. ಆ ಕೈಯಲ್ಲೇ ಆಲೂಗಡ್ಡೆ ಸುಲಿದು ಬೇಯಲಿಟ್ಟ. ಮೇಜು ಹತ್ತು ಜನ ಕೂರುವಷ್ಟು ಉದ್ದ. ಒಂದು ತುದಿಯಲ್ಲಿ ಅವನೊಬ್ಬನೇ ಕೂತ. ಉಳಿದ ಆರು ಜನ ತಂತಮ್ಮ ಕೋಣೆಯ ಮಂಚದ ಮೇಲೆ ಕೂತು, ಕೆಟಲಿನ ನೀರು ಹುಯ್ದ ನೂಡಲ್ಸ್ ತಿನ್ನುತ್ತಿದ್ದರು. ಗೋಡೆಯಾಚೆ ನಗು ಕೇಳುತ್ತಿತ್ತು. ಇವನು ಕುರ್ಚಿ ಎಳೆದ ಸದ್ದಿಗೆ ಅದು ನಿಂತಿತು.

ಫ್ರಿಜ್ಜಿನ ಮೇಲಿನ ಮೂಲೆಯಲ್ಲಿ ಬಿಳಿ ಕ್ಯಾಮೆರಾ ಅವನನ್ನು ನೋಡುತ್ತಿತ್ತು. ಅದನ್ನು ಅಲ್ಲಿಟ್ಟವನು ಅವನೇ.

ನಾರ್ವೆಯ ಉತ್ತರದ ತುದಿಯಲ್ಲಿರುವ ಆ ದ್ವೀಪದಲ್ಲಿ ಮೀನು ಹಿಡಿಯುವವರು ಅಲ್ಲಿಯವರು, ಮೀನು ಕೊಯ್ಯುವವರು ಲಿಥುವೇನಿಯಾದವರು. ದೋಣಿ ನಿಲ್ಲುವ ಧಕ್ಕೆಯ ಮೇಲಿನ ಹಳದಿ ಮನೆ ಕಾರ್ಖಾನೆಯದು. ಕೆಲಸಗಾರರು ಅದರಲ್ಲಿ ಬಾಡಿಗೆಗಿದ್ದರು. ಮೇಸ್ತ್ರಿ ಟೊರ್ಮೊಡ್‌ನ ಸುಪರ್ದಿಗೆ ಕಾರ್ಖಾನೆಯ ಬೆಲ್ಟೂ ಸೇರಿತ್ತು, ಈ ಮನೆಯ ಬೀಗದ ಕೈಯೂ ಸೇರಿತ್ತು. ಆ ಊರಲ್ಲಿ ಮೇಸ್ತ್ರಿಗೂ ಕೂಲಿಗೂ ಏಕವಚನವೇ. ಸಮಾನತೆ ಅಲ್ಲಿಗೆ ಮುಗಿಯುತ್ತಿತ್ತು.

ಆಗಸ್ಟಿನಲ್ಲಿ ಒಂದು ದಿನ ಟೊರ್ಮೊಡ್ ಪೆಟ್ಟಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ.

"ರಿಮ್ವಿದಾಸ್, ನೀನು ಊರಲ್ಲಿ ಟೆಲಿಫೋನ್ ಲೈನ್‌ಮನ್ ಆಗಿದ್ಯಂತೆ?"

"ಹತ್ತೊಂಬತ್ತು ವರ್ಷ."

"ಹಾಗಾದ್ರೆ ಇದನ್ನ ಸ್ವಲ್ಪ ನೋಡು. ಎರಡು ಗಂಟೆಯಿಂದ ಒದ್ದಾಡ್ತಿದೀನಿ, ವೈ-ಫೈ ಹಿಡೀತಾನೇ ಇಲ್ಲ. ಒಲೆ ಆರಿಸದೆ ಹೋಗ್ತಾರೆ ಅಂತ ವಿಮೆ ಕಂಪನಿಯವರ ಕಾಟ. ಬೆಂಕಿಗೋಸ್ಕರ ಅಷ್ಟೆ."

ಇಲ್ಲಿಗೆ ಬಂದ ಆರು ವರ್ಷದಲ್ಲಿ ಮೊದಲ ಸಲ ಯಾರೋ ಅವನ ಕಸುಬು ಕೇಳಿದ್ದರು. ರಿಮ್ವಿದಾಸ್ ಕೈ ಒರೆಸಿಕೊಂಡು ಪೆಟ್ಟಿಗೆ ತೆಗೆದ. ಕ್ಯಾಮೆರಾ ಅಂಗೈಯಷ್ಟಿತ್ತು. ತಪ್ಪೇನೆಂದು ಅವನಿಗೆ ಕೂಡಲೇ ತಿಳಿಯಿತು. ರೌಟರಿನಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಒಂದು ವೇಗದ್ದು, ಹತ್ತಿರ ಮಾತ್ರ ಹೋಗುವಂಥದು. ಇನ್ನೊಂದು ನಿಧಾನದ್ದು, ಗೋಡೆ ದಾಟುವಂಥದು. ಇಂಥ ಕ್ಯಾಮೆರಾಕ್ಕೆ ನಿಧಾನದ್ದೇ ಬೇಕು. ಟೊರ್ಮೊಡ್ ವೇಗದ್ದಕ್ಕೆ ಜೋಡಿಸಲು ಹೊರಟಿದ್ದ.

"ಆ್ಯಪ್ ಯಾರ ಫೋನಿಗೆ ಹಾಕ್ಲಿ? ಮೊದಲು ಜೋಡಿಸಿದವರ ಹೆಸರಲ್ಲೇ ಇರುತ್ತೆ ಇದು."

"ನನ್ನ ಫೋನು ಆಫೀಸಲ್ಲಿ ಚಾರ್ಜಿಗಿದೆ. ನಿನ್ನದರಲ್ಲೇ ಮಾಡಿ ನನಗೂ ನೋಡೋ ಹಾಗೆ ಕೊಡು ಮಾರಾಯ."

ರಿಮ್ವಿದಾಸ್ ತನ್ನ ಫೋನಿನಲ್ಲಿ ಮೂಡಿದ ಚೌಕುಳಿ ಕೋಡನ್ನು ಕ್ಯಾಮೆರಾದ ಕಣ್ಣಿಗೆ ಹಿಡಿದ. ಕ್ಯಾಮೆರಾದೊಳಗಿನ ಹೆಂಗಸು 'ಜೋಡಣೆ ಆಯಿತು' ಎಂದಳು. ಗೋಡೆಗೆ ಎರಡು ತೂತು ಕೊರೆದು ಬಿಗಿದ. ಒಲೆ ಕಾಣುವ ಹಾಗೆ ಕತ್ತು ತಿರುಗಿಸಿದ. ಮೇಜೂ ಕಾಣುತ್ತಿತ್ತು. ಮೆಮೊರಿ ಕಾರ್ಡ್ ಹಾಕಿದ. ಟೊರ್ಮೊಡ್‌ನ ಫೋನಿಗೂ ನೋಡುವ ಅನುಮತಿ ಕಳಿಸಿದ. ಕೆಲಸ ನೀಟಾಗಿತ್ತು. ಅವನಿಗೆ ಆವತ್ತು ನಿಜಕ್ಕೂ ಖುಷಿಯಾಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮನೆಯ ಹಿರಿಯಳಾದ ಆಲ್ದೋನಾ ಆವತ್ತೇ ಕೇಳಿದ್ದಳು, "ಇದು ಒಲೆ ನೋಡುತ್ತೋ ನಮ್ಮನ್ನ ನೋಡುತ್ತೋ?"

"ಬೆಂಕಿಗೆ ಅಕ್ಕ. ಬೆಂಕಿಗೋಸ್ಕರ."

ಅಕ್ಟೋಬರಿನಲ್ಲಿ ಅದೇ ಮನೆಯಲ್ಲಿದ್ದ ಜೀತಾಳಿಗೆ ಜ್ವರ ಬಂತು. ಮೂರು ದಿನ ರಜೆ ಹಾಕಿದಳು. ಎರಡನೆಯ ದಿನ ಎದ್ದು ಒಂದಿಷ್ಟು ಸೂಪ್ ಕಾಸಿಕೊಂಡಳು. ಮರುದಿನ ಟೊರ್ಮೊಡ್ ರಿಮ್ವಿದಾಸನಿಗೆ ಫೋನು ಮಾಡಿ, ನಿನ್ನೆಯದನ್ನು ನೋಡುವುದು ಹೇಗೆ ಎಂದು ಕೇಳಿದ. ಕ್ಯಾಲೆಂಡರ್ ಒತ್ತು, ದಿನ ಆರಿಸು, ಕೆಂಪು ಗೆರೆ ಇರುವ ಕಡೆ ಯಾರೋ ಓಡಾಡಿದ್ದಾರೆ ಅಂತ ಅರ್ಥ, ಅಲ್ಲಿ ಬೆರಳಿಡು. ಕಸುಬು ಬಲ್ಲವನ ಹುರುಪಿನಲ್ಲಿ ಎಲ್ಲ ಹೇಳಿಕೊಟ್ಟ. ಯಾಕೆ ಎಂದು ಮಾತ್ರ ಕೇಳಲಿಲ್ಲ.

ಯಾಕೆ ಎಂಬುದು ಸಂಜೆ ಗೊತ್ತಾಯಿತು. ಒಲೆ ಮುಂದೆ ನಿಲ್ಲಬಲ್ಲವಳು ಬೆಲ್ಟಿನ ಮುಂದೆಯೂ ನಿಲ್ಲಬಲ್ಲಳು ಎಂದು ಟೊರ್ಮೊಡ್ ಹೇಳಿದನಂತೆ. ತಿಂಗಳ ಕೊನೆಗೆ ಜೀತಾಳ ಕರಾರು ಮುಗಿಯುವುದಿತ್ತು. ಅದನ್ನು ಮುಂದುವರಿಸಲಿಲ್ಲ. ಅವಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ದೋಣಿ ಹತ್ತುವಾಗ ರಿಮ್ವಿದಾಸ್ ಪೆಟ್ಟಿಗೆಗೆ ಕೈ ಹಾಕಿದ. ಅವಳು ಕೈ ಸರಿಸಿದಳು.

"ಬಿಡಣ್ಣ. ನೀನು ಮಾಡಿದ ಸಹಾಯ ಸಾಕು."

ಅಂದಿನಿಂದ ಅಡುಗೆಮನೆಗೆ ಯಾರೂ ಬರಲಿಲ್ಲ. ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದವರ ಕೆಲಸ ಹೋಗುತ್ತದೆ ಎಂದು ಟೊರ್ಮೊಡ್ ಬಾಗಿಲಿಗೆ ಚೀಟಿ ಅಂಟಿಸಿದ್ದ. ಮುಚ್ಚುವ ಬದಲು ಅವರು ಅಡುಗೆಮನೆಯನ್ನೇ ಬಿಟ್ಟರು. ಜೊತೆಗೆ ರಿಮ್ವಿದಾಸನನ್ನೂ ಬಿಟ್ಟರು. ಬೆಲ್ಟಿನಲ್ಲಿ ಅಕ್ಕಪಕ್ಕ ನಿಂತರೂ ಮಾತಿಲ್ಲ. ಅವನು ಮಾತ್ರ ಹಟಕ್ಕೆ ಬಿದ್ದವನಂತೆ ದಿನಾ ಅಲ್ಲೇ ಉಣ್ಣುತ್ತಿದ್ದ. ಯಾರಾದರೂ ಒಬ್ಬರು ಬಂದು ಬೈದಾದರೂ ಹೋಗಲಿ ಎಂದು ಕಾಯುತ್ತಿದ್ದ. ಯಾರೂ ಬೈಯಲೂ ಬರಲಿಲ್ಲ.

ಡಿಸೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನ ಆಲ್ದೋನಾ ಅವನ ಕೋಣೆಯ ಬಾಗಿಲು ತಟ್ಟಿದಳು.

"ಬಾ, ಮೇಜಿಗೆ. ನಕ್ಷತ್ರ ಬಂದಿದೆ."

ಕ್ರಿಸ್‌ಮಸ್ ಹಿಂದಿನ ದಿನ ಮೊದಲ ನಕ್ಷತ್ರ ಕಂಡ ಮೇಲೇ ಅವರಲ್ಲಿ ಊಟಕ್ಕೆ ಕೂರುವುದು. ನಡುಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ಆ ದ್ವೀಪದಲ್ಲಿ ಮಧ್ಯಾಹ್ನ ಎರಡಕ್ಕೇ ನಕ್ಷತ್ರ.

"ನಾನ್ಯಾಕಕ್ಕ? ನೀವು ಉಣ್ಣಿ."

"ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಆದ್ರೆ ಈ ದಿನ ಒಬ್ಬರನ್ನ ಒಂಟಿಯಾಗಿ ಉಣ್ಣೋಕೆ ಬಿಟ್ರೆ ಆ ಪಾಪ ನಮಗೆ. ಸುಮ್ನೆ ಬಾ."

ಅವನು ಹೋದ. ಎಲ್ಲರೂ ಅಡುಗೆಮನೆಯಲ್ಲಿದ್ದರು. ಊರಿನ ಪದ್ಧತಿಯಂತೆ ಮೇಜುಬಟ್ಟೆಯ ಕೆಳಗೆ ಕುರಿ ಸಾಕುವವರ ಮನೆಯಿಂದ ತಂದ ಒಣಹುಲ್ಲು ಹರಡಿದ್ದರು. ಹೆರಿಂಗ್ ಮೀನು, ಬೀಟ್‌ರೂಟು, ಅಣಬೆ, ಗಸಗಸೆ ಹಾಲಿನಲ್ಲಿ ನೆನೆಸಿದ ಗೋಲಿಯಂಥ ಸಣ್ಣ ಬಿಸ್ಕತ್ತು. ಹಬ್ಬಕ್ಕೆ ಬೇಕಾದ ಹನ್ನೆರಡು ಬಗೆಯನ್ನು ಹೇಗೋ ಕೂಡಿಸಿದ್ದರು. ಆಲ್ದೋನಾ ಎಣಿಸುವಾಗ ಉಪ್ಪನ್ನೂ ಒಂದು ಬಗೆ ಎಂದು ಸೇರಿಸಿದಳು.

"ಅದನ್ನ ಏನ್ಮಾಡೋದು?" ಎಂದ ಗಿಂತಾರಸ್. ಮೂವತ್ತರ ಆಸುಪಾಸಿನ ಬಡಕಲು ಆಳು. ಕಣ್ಣು ಕ್ಯಾಮೆರಾದ ಕಡೆಗಿತ್ತು.

"ಆರಿಸ್ಲಾ?" ಎಂದು ರಿಮ್ವಿದಾಸ್ ಫೋನು ತೆಗೆದ.

"ಬೇಡ," ಎಂದಳು ಆಲ್ದೋನಾ. "ನಾವೇನು ಕದ್ದು ತಿಂತಿದೀವಾ? ನೋಡ್ಲಿ ಬಿಡು."

ಇದ್ದವರು ಏಳು ಜನ. ಅವಳು ಇಟ್ಟದ್ದು ಎಂಟು ತಟ್ಟೆ. ಎಂಟನೆಯದರಲ್ಲಿ ಊಟವಿಲ್ಲ, ಪಕ್ಕದಲ್ಲಿ ಚಮಚವಿಲ್ಲ. ಒಂದು ಸಣ್ಣ ಮೋಂಬತ್ತಿ ಹಚ್ಚಿಟ್ಟಳು. ಆ ವರ್ಷ ತೀರಿಕೊಂಡವರಿಗೆ ಅವರಲ್ಲಿ ಹೀಗೆ ಜಾಗ ಬಿಡುತ್ತಾರೆ. ಅದು ಗಿಂತಾರಸನ ತಾಯಿಯ ಜಾಗ. ನವೆಂಬರಿನಲ್ಲಿ ಅವಳು ಹೋದಾಗ ಇವನು ಮಣ್ಣಿಗೆ ಹೋಗಲು ನಾಲ್ಕು ದಿನ ರಜೆ ಕೇಳಿದ್ದ. ಹೆರಿಂಗ್ ಬಂದು ಬಿದ್ದಿದೆ, ಹೋಗುವುದಾದರೆ ಬರುವುದು ಬೇಡ ಎಂದಿದ್ದ ಟೊರ್ಮೊಡ್. ಗಿಂತಾರಸ್ ಬೆಲ್ಟಿನ ಮುಂದೆ ಅಳುತ್ತಲೇ ಮೀನು ಕೊಯ್ದಿದ್ದ.

ಆಲ್ದೋನಾ ಹಬ್ಬದಲ್ಲಿ ಹಂಚಿ ತಿನ್ನುವ ತೆಳು ರೊಟ್ಟಿಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. ರಿಮ್ವಿದಾಸ್ ಒಂದು ಚೂರು ಮುರಿದುಕೊಂಡ. 

ಟೊರ್ಮೊಡ್ ಫೋನು ಮಾಡಿದ್ದು ಹಬ್ಬದ ಮೂರನೆಯ ದಿನ. ದನಿ ಬಹಳ ಮೃದುವಾಗಿತ್ತು.

"ಮನೇಲಿ ಯಾರನ್ನೋ ಇಟ್ಕೊಂಡಿದಾರೆ. ಹೆಸರು ಬರೆಸದೆ."

"ಯಾರೂ ಇಲ್ಲವಲ್ಲ."

"ಸುಳ್ಳು ಯಾಕೆ? ನಾನು ಎಣಿಸಿದೀನಿ. ಏಳು ಜನ ನೀವು, ಎಂಟು ತಟ್ಟೆ. ಆ ಎಂಟನೆಯವನು ಕ್ಯಾಮೆರಾಕ್ಕೆ ಬೀಳದ ಹಾಗೆ ಓಡಾಡ್ತಿದಾನೆ, ಅಷ್ಟೆ. ನೋಡು, ಜನವರಿಯಿಂದ ಕಾಡ್ ಮೀನಿನ ಸುಗ್ಗಿ. ಒಂದು ಕಾಯಂ ಜಾಗ ಇದೆ. ಬೆಲ್ಟಲ್ಲ, ಯಂತ್ರಗಳ ಕೆಲಸ, ನಿನ್ನ ಕಸುಬಿನದ್ದೇ. ಯಾರು ಇಟ್ಕೊಂಡಿದಾರೆ ಅಂತ ಒಂದು ಹೆಸರು ಹೇಳು. ಸಂಜೆ ಬರ್ತೀನಿ."

ರಿಮ್ವಿದಾಸನಿಗೆ ಮೊದಲು ನಗು ಬಂತು. ಸತ್ತವಳ ತಟ್ಟೆಯನ್ನು ಈ ಮನುಷ್ಯ ಬಾಡಿಗೆ ಕೊಡದ ಆಸಾಮಿಯದು ಎಂದುಕೊಂಡಿದ್ದಾನೆ. ನಗು ಇಳಿದ ಮೇಲೆ ಆಸೆಯೂ ಆಯಿತು. ಅದನ್ನು ಮುಚ್ಚಿಡುವುದೇಕೆ? ಆರು ವರ್ಷ ಆರಾರು ತಿಂಗಳ ಕರಾರಿನಲ್ಲಿ ಬದುಕಿದವನಿಗೆ ಕಾಯಂ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ. ಹೇಗೂ ಇವರು ಯಾರೂ ತನ್ನ ಜೊತೆ ಮಾತಾಡುವುದಿಲ್ಲ. ಹೀಗೆಲ್ಲ ಯೋಚಿಸುತ್ತ ಅರ್ಧ ಗಂಟೆ ಮಂಚದ ಮೇಲೆ ಕೂತ. ಆಮೇಲೆ ಎದ್ದು ಆಲ್ದೋನಾಳ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದ. ಕಾಯಂ ಕೆಲಸದ ಮಾತನ್ನೂ ಬಿಡಲಿಲ್ಲ.

ಅವಳು ಹೆಗಲಿಗೆ ಶಾಲು ಎಳೆದುಕೊಂಡು ಹೊರಗೆ ಬಂದಳು. "ಎಲ್ಲರನ್ನೂ ಕರೀತೀನಿ," ಎಂದಳು.

ಸಂಜೆ ಟೊರ್ಮೊಡ್ ಬಂದಾಗ ಏಳೂ ಜನ ಮೇಜಿನ ಸುತ್ತ ಕೂತಿದ್ದರು. ಅವನು ನಿರೀಕ್ಷಿಸಿದ್ದು ರಿಮ್ವಿದಾಸ್ ಒಬ್ಬನನ್ನೇ. ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಫೋನು ತೆಗೆದು ಚಿತ್ರ ತೋರಿಸಿದ.

"ಈ ತಟ್ಟೆ ಯಾರದ್ದು?"

ಅವನು ಒಂದು ಫಾರಂ ತೆಗೆದು ಮೇಜಿನ ಮೇಲೆ ಸರಿಸಿದ. ಅತಿಥಿಯ ಹೆಸರು, ಬಂದ ದಿನ, ಹೋಗುವ ದಿನ, ಯಾರ ಅತಿಥಿ.

"ತುಂಬಿ. ಯಾರ ಅತಿಥಿಯೋ ಅವರು ನಾಳೆ ಬೆಳಗ್ಗೆ ಮನೆ ಖಾಲಿ ಮಾಡ್ತಾರೆ. ಉಳಿದವರಿಗೆ ತೊಂದರೆ ಇಲ್ಲ."

ಗಿಂತಾರಸ್ ಫಾರಂ ಎಳೆದುಕೊಂಡ. ಬರೆದು ತಿರುಗಿಸಿ ಇಟ್ಟ. ಟೊರ್ಮೊಡ್ ಓದಿದ.

"ಯಾನಿನಾ. ಯಾರಿವಳು? ಎಲ್ಲಿದಾಳೆ?"

"ನಮ್ಮಮ್ಮ."

"ನಿಮ್ಮಮ್ಮ ಸತ್ತುಹೋದರು ಅಂತ ರಜೆ ಕೇಳಿದ್ಯಲ್ಲ?"

"ಕೇಳಿದ್ದೆ," ಎಂದ ಗಿಂತಾರಸ್. "ನೀನು ಕೊಡಲಿಲ್ಲ. ನಾನು ಹೋಗೋಕಾಗ್ಲಿಲ್ಲ ಅಂತ ಅವಳೇ ಬಂದ್ಲು."

ಟೊರ್ಮೊಡ್‌ನ ಕಿವಿ ಕೆಂಪಾಯಿತು. ಅರ್ಥವಾಗದ ಮನುಷ್ಯನೇನಲ್ಲ ಅವನು. ಅರ್ಥವಾದದ್ದೇ ಅವನನ್ನು ಕೆರಳಿಸಿತು.

"ನಾಟಕ ಬೇಡ. ನಿಯಮ ಅಂದ್ರೆ ನಿಯಮ. ಯಾರ ಅತಿಥಿ ಅಂತ ಬರೆದಿಲ್ಲ ಇಲ್ಲಿ."

ಗಿಂತಾರಸ್ ಮತ್ತೆ ಪೆನ್ನು ತೆಗೆದುಕೊಳ್ಳುವ ಮುಂಚೆ ರಿಮ್ವಿದಾಸ್ ಅದನ್ನು ತೆಗೆದುಕೊಂಡ. ತನ್ನ ಹೆಸರು ಬರೆದ.

"ನೀನಾ?" ಎಂದ ಟೊರ್ಮೊಡ್. "ಯೋಚನೆ ಮಾಡು. ಆ ಕ್ಯಾಮೆರಾ ಯಾರ ಹೆಸರಲ್ಲಿದೆ ಗೊತ್ತಲ್ಲ? ಜನ ಇರೋ ಮನೇಲಿ ಕ್ಯಾಮೆರಾ ಇಡೋ ಹಾಗಿಲ್ಲ. ಕಾರ್ಮಿಕ ಇಲಾಖೆಯವರು ಕೇಳಿದ್ರೆ ಇಟ್ಟವನು ನೀನು ಅಂತೀನಿ. ನಾನಲ್ಲ."

ರಿಮ್ವಿದಾಸನಿಗೆ ಆ ಪೆಟ್ಟಿಗೆ ತೆಗೆದ ದಿನ ನೆನಪಾಯಿತು. ಆಗಸ್ಟಿನಲ್ಲಿ ಟೊರ್ಮೊಡ್‌ನ ಫೋನು ನಿಜಕ್ಕೂ ಚಾರ್ಜಿಗಿತ್ತೋ, ಜೇಬಿನಲ್ಲಿತ್ತೋ? ಹತ್ತೊಂಬತ್ತು ವರ್ಷ ಲೈನು ಎಳೆದವನು ಇಷ್ಟು ಸುಲಭಕ್ಕೆ ಮೋಸಹೋಗಿದ್ದ.

"ನನ್ನ ಹೆಸರಲ್ಲಿದ್ರೆ ನನ್ನದು," ಎಂದ. ಫೋನು ತೆಗೆದು ಎರಡು ಸಲ ಒತ್ತಿದ. ಟೊರ್ಮೊಡ್‌ನ ಕೈಯಲ್ಲಿದ್ದ ಚಿತ್ರ ಮಾಯವಾಯಿತು. ಅಲ್ಲಿ ಬಂದದ್ದು ಒಂದೇ ಸಾಲು: ನಿಮಗೆ ನೋಡಲು ಅನುಮತಿಯಿಲ್ಲ. "ಇಲಾಖೆಯವರಿಗೆ ನಾನೇ ಹೇಳ್ತೀನಿ. ಯಾವ ದಿನ ಯಾರು ಯಾರನ್ನ ನೋಡಿದ್ರು ಅಂತ ಆ್ಯಪಿನಲ್ಲಿ ಎಲ್ಲ ಇದೆ. ಜೀತಾ ಸೂಪ್ ಕಾಸಿದ ದಿನವೂ ಇದೆ."

ಆಲ್ದೋನಾ ಫಾರಂ ತನ್ನ ಕಡೆ ಎಳೆದುಕೊಂಡು ಅವನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಆಮೇಲೆ ಗಿಂತಾರಸ್. ಆಮೇಲೆ ಉಳಿದ ನಾಲ್ಕು ಜನ. ಜಾಗ ಸಾಲದೆ ಕೊನೆಯ ಇಬ್ಬರು ಅಂಚಿನಲ್ಲಿ ಬರೆದರು.

"ಹೋಗುವ ದಿನ?" ಎಂದ ಟೊರ್ಮೊಡ್, ಬೇರೇನೂ ತೋಚದೆ.

"ಖಾಲಿ ಬಿಟ್ಟಿದೀವಿ," ಎಂದಳು ಆಲ್ದೋನಾ.

ಏಳೂ ಜನರನ್ನು ಒಟ್ಟಿಗೆ ಹೊರಗೆ ಹಾಕಲಾಗದೆ ಟೊರ್ಮೊಡ್ ಮನೆ ಖಾಲಿ ಮಾಡಿಸುವ ಮಾತು ಮತ್ತೆ ಎತ್ತಲಿಲ್ಲ. ಜನವರಿ ಐದಕ್ಕೆ ಕಾಡ್ ಮೀನು ಬಂತು. ದೋಣಿಗಳು ಧಕ್ಕೆಗೆ ಮೂರು ಸಾಲಾಗಿ ನಿಂತವು. ಬೆಳಗ್ಗೆ ಏಳಕ್ಕೆ ಕಾರ್ಖಾನೆಯ ಬಾಗಿಲಿಗೆ ಹೊಸ ಕರಾರಿನ ಪಟ್ಟಿ ಅಂಟಿಸಿದ್ದರು. ಹಳದಿ ಮನೆಯವರದು ಆರು ಹೆಸರು. ಗಿಂತಾರಸನದೂ ಇತ್ತು. ರಿಮ್ವಿದಾಸನದು ಇರಲಿಲ್ಲ.

ಅವನು ಎರಡು ಸಲ ಓದಿದ. ಗಾಳಿ ಚಳಿಯನ್ನು ಎಲುಬಿಗೆ ತುಂಬುತ್ತಿತ್ತು. ಪಟ್ಟಿಗೆ ಬೆನ್ನು ಹಾಕಿ ಬಾಗಿಲ ಪಕ್ಕದ ಗೋಡೆಗೆ ಒರಗಿದ. ಉಳಿದವರು ಒಳಗೆ ಹೋಗಲು ದಾರಿ ಬಿಟ್ಟು ಸರಿದು ನಿಂತ. ಅವರ ಮೇಲೆ ಅವನಿಗೆ ಬೇಜಾರಿರಲಿಲ್ಲ. ಅವರಿಗೂ ಮನೆಮಠ ಇದೆ.

ಆಲ್ದೋನಾ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದಳು. ಬೆರಳಿಟ್ಟು ಕೆಳಗಿನವರೆಗೂ ಹೋದಳು. ಮತ್ತೆ ಮೇಲಿನಿಂದ ಓದಿದಳು. ಕನ್ನಡಕ ಜೇಬಿಗಿಟ್ಟು, ಬಂದು ಅವನ ಪಕ್ಕ ಗೋಡೆಗೆ ಒರಗಿದಳು.

"ನೀನು ಒಳಗೆ ಹೋಗಕ್ಕ. ಚಳಿ."

"ಸ್ವಲ್ಪ ಆಚೆ ಸರಿ," ಎಂದಳು. "ಗಿಂತಾರಸ್‌ಗೆ ಜಾಗ ಬೇಡವಾ?"

ಗಿಂತಾರಸ್ ಬಂದ. ಅವನ ಹಿಂದೆ ಉಳಿದ ನಾಲ್ವರೂ ಬಂದರು. ಏಳು ಜನ ಗೋಡೆಯುದ್ದಕ್ಕೂ ಸಾಲಾಗಿ ನಿಂತರು. ಯಾರೋ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಹುಯ್ದು ಮೊದಲು ರಿಮ್ವಿದಾಸನ ಕೈಗೆ ಕೊಟ್ಟರು.

ಒಳಗೆ ಬೆಲ್ಟು ಶುರುವಾಗುವ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ.